ಊಹೆಯೂ ಪೂರ್ವಗ್ರಹವೂ: ವೈಚಾರಿಕ ಗದ್ಯದ ಬೋಧನೆಯನ್ನು ಕುರಿತು

ಪದವಿ ತರಗತಿಗಳ ಕನ್ನಡ ಪಠ್ಯಗಳಲ್ಲಿ ವೈಚಾರಿಕ ಲೇಖನಗಳಿಗೆ ಸ್ಥಾನ ದೊರೆತು ದಶಕಗಳೇ ಕಳೆದಿವೆ. ಅವುಗಳ ಬೋಧನೆ ಮಾತ್ರ ಬಹುಮಟ್ಟಿಗೆ ಸಾರಾಂಶ ಹೇಳುವಲ್ಲಿಗೇ ನಿಂತಿದೆ. ಲೇಖಕನ ನಿಲುವನ್ನು ಅಧ್ಯಾಪಕರು ಮೊದಲೇ ತಿಳಿಸಿಬಿಡುತ್ತಾರೆ. ವಿದ್ಯಾರ್ಥಿ ಅದನ್ನು ಪಠ್ಯದಲ್ಲಿ ಗುರುತಿಸಿ ತೃಪ್ತನಾಗುತ್ತಾನೆ. ಕಥೆಯನ್ನು ಓದುವಾಗ ‘ಮುಂದೇನು?’ ಎಂದು ಕೇಳುವ ಅದೇ ವಿದ್ಯಾರ್ಥಿ ವಾದವನ್ನು ಓದುವಾಗ ಹಾಗೆ ಕೇಳುವುದಿಲ್ಲ. ವಾದಕ್ಕೂ ಒಂದು ‘ಮುಂದೇನು’ ಇದೆ ಎಂಬುದನ್ನು ತೋರಿಸಿಕೊಡುವುದು ಅಧ್ಯಾಪಕರ ಮೊದಲ ಹೊಣೆಯಾಗಬೇಕಾಗಿದೆ.

ಓದನ್ನು ಊಹೆಯ ಕ್ರಿಯೆಯಾಗಿ ಕಾಣುವುದು ಹೊಸದಲ್ಲ. 1967ರಲ್ಲಿ ಕೆನೆತ್ ಗುಡ್‌ಮನ್ ಓದನ್ನು ಮನೋಭಾಷಿಕವಾದ ಊಹೆಯ ಆಟವೆಂದು ಕರೆದರು. ಪದಗಳನ್ನು ಗುರುತಿಸಲು ಸಂದರ್ಭವನ್ನು ಹೆಚ್ಚಾಗಿ ನೆಚ್ಚುವವರು ದುರ್ಬಲ ಓದುಗರೇ ಎಂದು ಕೀತ್ ಸ್ಟಾನೋವಿಚ್ ಮೊದಲಾದವರು ಆ ಬಳಿಕ ತೋರಿಸಿದರು. ಆದರೆ ಪದದ ಊಹೆ ಬೇರೆ, ವಿಚಾರದ ಊಹೆ ಬೇರೆ. 1984ರಲ್ಲಿ ಪಲಿಂಕ್ಸಾರ್ ಮತ್ತು ಬ್ರೌನ್ ರೂಪಿಸಿದ ಪರಸ್ಪರ ಬೋಧನೆಯ ಕ್ರಮದಲ್ಲಿ ಪ್ರಶ್ನಿಸುವುದು, ಸ್ಪಷ್ಟಪಡಿಸಿಕೊಳ್ಳುವುದು, ಸಂಗ್ರಹಿಸುವುದು ಇವುಗಳೊಡನೆ ಊಹಿಸುವುದಕ್ಕೂ ಸಮಾನ ಸ್ಥಾನವಿತ್ತು. ಭಾರತೀಯ ಶಾಸ್ತ್ರಪರಂಪರೆಯಂತೂ ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ಹೇಳಿತು. ಒಂದು ಪದ ಮತ್ತೊಂದನ್ನು ನಿರೀಕ್ಷಿಸುವಂತೆ ಪೂರ್ವಪಕ್ಷವು ಉತ್ತರಪಕ್ಷವನ್ನು ನಿರೀಕ್ಷಿಸುತ್ತದೆ.

ಕನ್ನಡ ವಾಕ್ಯದ ರಚನೆಯೇ ಈ ಅಭ್ಯಾಸಕ್ಕೆ ಒದಗಿಬರುತ್ತದೆ. ಉದಾಹರಣೆಗಾಗಿ ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯನ್ನು ಕುರಿತ ಲೇಖನವೊಂದನ್ನು ಕಲ್ಪಿಸಿಕೊಳ್ಳಬಹುದು. ಏಕಶಿಲೆಯ ಬೃಹತ್ ಗಣಪತಿಗೂ ಸೋಮೇಶ್ವರ ದೇವಾಲಯಕ್ಕೂ ಹೆಸರಾದ ಊರು ಅದು. ‘ಇಲ್ಲಿ ಯಾತ್ರಿಕರ ಸಂಖ್ಯೆಗೆ ಮಿತಿ ಹಾಕಬೇಕೆಂಬ ವಾದವು’ ಎಂಬಲ್ಲಿಗೆ ಓದನ್ನು ನಿಲ್ಲಿಸಿದರೆ ಲೇಖಕ ಯಾವ ಕಡೆಯವನೆಂದು ತಿಳಿಯದು. ‘ಒಪ್ಪತಕ್ಕದ್ದು’ ಎಂದೋ ‘ಒಪ್ಪತಕ್ಕದ್ದಲ್ಲ’ ಎಂದೋ ಕೊನೆಯ ಪದವೇ ತೀರ್ಮಾನಿಸುತ್ತದೆ. ಹಿಂದಿನ ವಾಕ್ಯಗಳ ಆಧಾರದಿಂದ ಆ ಪದವನ್ನು ಊಹಿಸಲು ಹೇಳುವುದೇ ಒಂದು ಪಾಠ. ‘ಯಾತ್ರಿಕರಿಂದ ಊರಿನವರಿಗೆ ಉದ್ಯೋಗ ದೊರೆಯುವುದೇನೋ ನಿಜ’ ಎಂಬ ಮಾತಿನಲ್ಲಿ ‘ಏನೋ’ ಎಂಬುದು ಮುಂದಿನ ‘ಆದರೆ’ಯನ್ನು ಸೂಚಿಸುತ್ತದೆ. ಆ ‘ಆದರೆ’ಯ ನಂತರ ಶಿಲೆಯ ರಕ್ಷಣೆಯ ಮಾತು ಬರುವುದೆಂದು ವಿದ್ಯಾರ್ಥಿಗಳು ಊಹಿಸಬಹುದು. ಲೇಖಕನೋ ಆ ಉದ್ಯೋಗ ಊರಿನ ಯಾವ ಕೇರಿಗೆ ತಲುಪುತ್ತದೆ ಎಂದು ಕೇಳಬಹುದು. ಊಹೆ ತಪ್ಪಿದ ಆ ಕ್ಷಣದಲ್ಲಿಯೇ ವಾದದ ನಿಜವಾದ ತಿರುವು ಕಾಣಸಿಗುತ್ತದೆ. ಮನೆಯಲ್ಲಿ ತೆಲುಗನ್ನಾಡುವ ವಿದ್ಯಾರ್ಥಿಗಳು ಈ ಭಾಗದಲ್ಲಿ ಅನೇಕರಿದ್ದಾರೆ. ಕ್ರಿಯಾಪದವನ್ನು ಕೊನೆಗೆ ಕಾಯುವ ಕ್ರಮ ಅವರಿಗೂ ಅಪರಿಚಿತವಲ್ಲ.

ಈ ವಿಧಾನಕ್ಕೆ ಗಂಭೀರವಾದ ಆಕ್ಷೇಪವೊಂದುಂಟು. ಲೇಖಕನ ಹೆಸರು, ಜಾತಿ, ಪಂಥಗಳನ್ನು ನೋಡಿ ಆತನ ತೀರ್ಮಾನವನ್ನು ಮೊದಲೇ ನಿರ್ಧರಿಸುವ ಪ್ರವೃತ್ತಿ ಕನ್ನಡದ ಓದಿನಲ್ಲಿ ಈಗಾಗಲೇ ಬಲವಾಗಿರುವಾಗ ಊಹೆಯನ್ನು ಕಲಿಸುವುದು ಅದನ್ನೇ ಪೋಷಿಸಿದಂತಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಆದ್ದರಿಂದಲೇ ಊಹೆಯನ್ನೂ ಪೂರ್ವಗ್ರಹವನ್ನೂ ಬೇರ್ಪಡಿಸಬೇಕಾಗುತ್ತದೆ. ಊಹೆಯು ಪಠ್ಯದ ಆಧಾರವನ್ನು ತೋರಿಸುತ್ತದೆ, ಸೋಲಲು ಸಿದ್ಧವಾಗಿರುತ್ತದೆ. ಪೂರ್ವಗ್ರಹವು ಪಠ್ಯವನ್ನು ಕಾಯುವುದೇ ಇಲ್ಲ.

1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ.ಜಿ. ಅವರನ್ನು ಇಲ್ಲಿ ನೆನೆಯಬಹುದು. ‘ಮಂಕುತಿಮ್ಮನ ಕಗ್ಗ’ದಿಂದ ಮಾತ್ರ ಅವರನ್ನು ಬಲ್ಲ ವಿದ್ಯಾರ್ಥಿ ಅವರ ಪ್ರತಿಯೊಂದು ಲೇಖನದಿಂದಲೂ ವೇದಾಂತವನ್ನೇ ನಿರೀಕ್ಷಿಸುತ್ತಾನೆ. 1913ರಲ್ಲಿ ‘ಕರ್ಣಾಟಕ’ ಪತ್ರಿಕೆಯನ್ನು ಆರಂಭಿಸಿದ, ರಾಜ್ಯಶಾಸ್ತ್ರವನ್ನೂ ವೃತ್ತಪತ್ರಿಕೆಯ ಧರ್ಮವನ್ನೂ ಕುರಿತು ಬರೆದ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಡಿ.ವಿ.ಜಿ. ಆ ನಿರೀಕ್ಷೆಯೊಳಗೆ ಹಿಡಿಸುವುದಿಲ್ಲ. ಹೆಸರನ್ನು ಮರೆಮಾಡಿ ಅವರ ರಾಜಕೀಯ ಗದ್ಯದ ಪುಟವೊಂದನ್ನು ಓದಿಸಿ, ಊಹೆಗಳನ್ನು ಬರೆಯಿಸಿ, ಅನಂತರ ಹೆಸರನ್ನು ತಿಳಿಸಿದರೆ ಪಠ್ಯದಿಂದ ಬಂದ ಊಹೆ ಯಾವುದು, ಹೆಸರಿನಿಂದ ಬರುತ್ತಿದ್ದ ಊಹೆ ಯಾವುದು ಎಂಬುದು ವಿದ್ಯಾರ್ಥಿಗೆ ತಾನಾಗಿಯೇ ಹೊಳೆಯುತ್ತದೆ.

ಪಠ್ಯಕ್ರಮ ಮುಗಿಸುವ ಒತ್ತಡದಲ್ಲಿ ಇದಕ್ಕೆಲ್ಲ ಸಮಯವೆಲ್ಲಿದೆ ಎಂಬ ಪ್ರಶ್ನೆ ಸಹಜ. ಪ್ರತಿ ಲೇಖನಕ್ಕೂ ಇದು ಬೇಕಾಗಿಲ್ಲ. ಅವಧಿಗೆ ಎರಡು ಲೇಖನಗಳಾದರೆ ಸಾಕು. ಮುಖ್ಯವಾದುದು ಮೌಲ್ಯಮಾಪನ. ಊಹೆ ಸರಿಯಾಯಿತೇ ಎಂಬುದಕ್ಕೆ ಅಂಕ ಕೊಟ್ಟರೆ ವಿದ್ಯಾರ್ಥಿ ಮುಂದಿನ ಪುಟವನ್ನು ಕದ್ದು ನೋಡುತ್ತಾನೆ. ಯಾವ ವಾಕ್ಯದಲ್ಲಿ, ಯಾವ ಕಾರಣಕ್ಕೆ ತನ್ನ ಊಹೆಯನ್ನು ಬದಲಿಸಿಕೊಂಡನೆಂಬ ವಿವರಣೆಗೆ ಅಂಕ ಸಲ್ಲಬೇಕು. ತನ್ನ ಎಣಿಕೆಯನ್ನು ತಿದ್ದಿಕೊಳ್ಳಲು ಕಲಿತ ಓದುಗನಿಗೆ ತಾನೊಪ್ಪದ ಲೇಖಕನನ್ನೂ ಕೊನೆಯ ವಾಕ್ಯದವರೆಗೆ ಓದುವ ತಾಳ್ಮೆ ಬರುತ್ತದೆ. ಸಾರಾಂಶವನ್ನು ಬಾಯಿಪಾಠ ಮಾಡುವುದರಿಂದ ಆ ತಾಳ್ಮೆ ಬರುವಂಥದಲ್ಲ.