ಅಲಂಕಾರಿಕ ಲೇಪನ: ಚದರಡಿ ದರದ ಆಚೆಗಿನ ಲೆಕ್ಕ

ಆಯುಧಪೂಜೆಗೆ ಮುನ್ನ ಅಂಗಡಿಯ ಗೋಡೆಗಳಿಗೆ ಸುಣ್ಣ ಅಥವಾ ಡಿಸ್ಟೆಂಪರ್ ಬಳಿಸಿ, ಮೇಜು ಕುರ್ಚಿಗಳಿಗೆ ಒಂದು ಕೈ ವಾರ್ನಿಷ್ ಕೊಡಿಸಿದರೆ ವ್ಯಾಪಾರಸ್ಥನ ಸಿಂಗಾರದ ಖರ್ಚು ಮುಗಿಯುತ್ತಿದ್ದ ಕಾಲವೊಂದಿತ್ತು. ಇಂದು ಆಭರಣದ ಮಳಿಗೆ, ಸೀರೆ ಅಂಗಡಿ, ಹೋಟೆಲು, ಕಲ್ಯಾಣ ಮಂಟಪ ಎಲ್ಲೆಡೆಯೂ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಗೋಡೆಯೇ. ತಾಮ್ರದ ಛಾಯೆಯ ಲೋಹಲೇಪನ, ಬಟ್ಟೆಯ ನೇಯ್ಗೆಯಂತೆ ಕಾಣುವ ಗ್ಲೇಜ್, ಅಮೃತಶಿಲೆಯನ್ನು ಹೋಲುವ ನುಣುಪು ಗಾರೆ ಇವೆಲ್ಲ ದೊಡ್ಡ ನಗರಗಳ ಶೋಕಿಯಾಗಿ ಉಳಿದಿಲ್ಲ. ತಾಲ್ಲೂಕು ಕೇಂದ್ರದ ಮಳಿಗೆಗಳಿಗೂ ಇವು ಬಂದಿವೆ. ಪೀಠೋಪಕರಣ ತಯಾರಿಸುವ ಸಣ್ಣ ಘಟಕಗಳು ಸಹ ಕಪಾಟು, ಕೌಂಟರ್, ಕನ್ನಡಿಯ ಚೌಕಟ್ಟುಗಳಿಗೆ ಇಂತಹ ಲೇಪನ ಮಾಡಿ ಮಾರತೊಡಗಿವೆ.

ಕೆಲಸದ ಸ್ವರೂಪ ಹೀಗೆ ಬದಲಾದರೂ ಅದನ್ನು ಕೊಳ್ಳುವ ಮತ್ತು ಮಾರುವ ಕ್ರಮ ಮಾತ್ರ ಬದಲಾಗಿಲ್ಲ. ಸಾಮಾನ್ಯ ಬಣ್ಣಕ್ಕೆ ಹೇಗೋ ಹಾಗೆಯೇ ಇದಕ್ಕೂ ‘ಚದರಡಿಗೆ ಎಷ್ಟು?’ ಎಂಬುದೇ ಮೊದಲ ಪ್ರಶ್ನೆ, ಬಹಳ ಸಲ ಅದೇ ಕೊನೆಯ ಪ್ರಶ್ನೆಯೂ ಹೌದು. ಈ ಒಂದು ಅಭ್ಯಾಸದಿಂದ ಕುಶಲಕರ್ಮಿ ತನ್ನ ಕೂಲಿಯನ್ನು ಕಳೆದುಕೊಳ್ಳುತ್ತಾನೆ, ಮಳಿಗೆಯ ಮಾಲೀಕನು ನ್ಯಾಯವಾಗಿ ದೊರೆಯಬೇಕಾದ ತೆರಿಗೆ ಜಮೆಯನ್ನು ಕಳೆದುಕೊಳ್ಳುತ್ತಾನೆ. ಅಲಂಕಾರಿಕ ಲೇಪನವೆಂಬುದು ಡಬ್ಬಿಯಲ್ಲಿ ಬರುವ ಸರಕಲ್ಲ, ಕೈಯ ಶ್ರಮ ಮತ್ತು ಸಮಯದ ಮಾರಾಟ ಎಂಬ ಸತ್ಯವನ್ನು ಇಬ್ಬರೂ ಒಪ್ಪಿಕೊಂಡು ದರಪಟ್ಟಿ, ಒಪ್ಪಂದ ಮತ್ತು ಬಿಲ್ಲುಗಳನ್ನು ಅದಕ್ಕೆ ತಕ್ಕಂತೆ ಬರೆಯುವುದು ಅಗತ್ಯವಾಗಿದೆ.

ಮೂರು ಲೇಪನ, ಮೂರು ಬಗೆಯ ಶ್ರಮ

ಮೇಲ್ಮೈಯನ್ನು ಪದರ ಪದರವಾಗಿ ಸಿದ್ಧಪಡಿಸುವ ವಿದ್ಯೆ ಕರ್ನಾಟಕಕ್ಕೆ ಹೊಸತಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಯ ಮೇಲೆ ‘ಕಿಟ್ಟ’ವೆಂಬ ಮಿಶ್ರಣವನ್ನು ಸವರಿ, ಬಟ್ಟೆಯ ಚೂರುಗಳನ್ನು ಹುಣಿಸೆಬೀಜದ ಅಂಟಿನಿಂದ ಕೂರಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟ ನಂತರವೇ ಬಣ್ಣಕ್ಕೆ ಕೈಹಾಕುತ್ತಾರೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಉಬ್ಬು ಕೆಲಸ ಮುಗಿದ ಮೇಲೆಯೇ ಚಿನ್ನದ ರೇಕು ಕೂರುತ್ತದೆ. ಕಾಣುವ ಹೊಳಪಿಗಿಂತ ಕಾಣದ ತಳಪದರಗಳಿಗೇ ಹೆಚ್ಚು ಕಾಲ ಹಿಡಿಯುತ್ತದೆಂಬುದು ಇವೆರಡರಿಂದಲೂ ತಿಳಿಯುತ್ತದೆ. ಗೋಡೆಯ ಲೇಪನಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಮೊದಲನೆಯದು ಸುಣ್ಣದ ಗಾರೆ. ನೀರೂಡಿಸಿ ಅರಳಿಸಿದ ಸುಣ್ಣಕ್ಕೆ ಅಮೃತಶಿಲೆಯ ಪುಡಿ ಬೆರೆಸಿ, ತೆಳುವಾದ ಹಲವು ಪದರಗಳಲ್ಲಿ ಹಚ್ಚಿ, ಕರಣೆಯಿಂದ ಒತ್ತಿ ಉಜ್ಜಿ ನುಣುಪು ಬರಿಸಲಾಗುತ್ತದೆ. ವೆನಿಸ್ ಪ್ರಾಂತದ ಮಾರ್ಮೊರಿನೊ, ರಾಜಸ್ಥಾನದ ಆರಾಯಿಶ್ ಈ ಬಗೆಯವು. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಗಟ್ಟಿಯಾಗುತ್ತದೆ. ಈ ಕ್ರಿಯೆಯನ್ನು ಅವಸರಪಡಿಸಲು ಯಾವ ಗುತ್ತಿಗೆದಾರನಿಂದಲೂ ಆಗದು. ಗೋಡೆಯೊಳಗೆ ತೇವವಿದ್ದರೆ ಕೆಲವೇ ತಿಂಗಳಲ್ಲಿ ಬಿಳಿಯ ಉಪ್ಪು ಹೊಮ್ಮಿ ಲೇಪನ ಉದುರತೊಡಗುತ್ತದೆ.

ಎರಡನೆಯದು ಗ್ಲೇಜ್. ಪಾರದರ್ಶಕ ಮಾಧ್ಯಮದಲ್ಲಿ ಅಲ್ಪ ಬಣ್ಣ ಬೆರೆಸಿ, ತುಸು ಹೊಳಪುಳ್ಳ ತಳಬಣ್ಣದ ಮೇಲೆ ಹಚ್ಚಿ, ಅದು ಹಸಿಯಾಗಿರುವಾಗಲೇ ಬಟ್ಟೆ, ಸ್ಪಂಜು ಅಥವಾ ಬಾಚಣಿಗೆಯಂತಹ ಉಪಕರಣದಿಂದ ವಿನ್ಯಾಸ ಮೂಡಿಸಬೇಕು. ಅಂಚು ಒಣಗಿದರೆ ಜೋಡಣೆಯ ಗೆರೆ ಎದ್ದು ಕಾಣುತ್ತದೆ. ಆದ್ದರಿಂದ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಕೆಲಸವನ್ನು ನಿಲ್ಲಿಸುವಂತಿಲ್ಲ. ದೊಡ್ಡ ಗೋಡೆಯಾದರೆ ಒಬ್ಬನು ಹಚ್ಚುತ್ತ ಹೋಗಬೇಕು, ಅವನ ಹಿಂದೆಯೇ ಇನ್ನೊಬ್ಬನು ವಿನ್ಯಾಸ ಮೂಡಿಸುತ್ತ ಬರಬೇಕು. ಇಬ್ಬರ ಕೂಲಿಯನ್ನು ಒಬ್ಬನಿಗೆ ಇಳಿಸುವ ಚೌಕಾಶಿಗೆ ಇಲ್ಲಿ ಅವಕಾಶವಿಲ್ಲ.

ಮೂರನೆಯದು ಲೋಹಲೇಪನ. ಕಾಗೆ ಬಂಗಾರದ ಹುಡಿಗೆ ತೆಳುವಾದ ಆಕ್ಸೈಡ್ ಪದರ ಕೊಟ್ಟು ತಯಾರಿಸಿದ ಮುತ್ತಿನ ಹೊಳಪಿನ ವರ್ಣಕಗಳನ್ನು ಇದಕ್ಕೆ ಹೆಚ್ಚಾಗಿ ಬಳಸುತ್ತಾರೆ. ತಾಮ್ರ ಮತ್ತು ಸತುವಿನ ಮಿಶ್ರಲೋಹದ ಹುಡಿಯೂ ಬಳಕೆಯಲ್ಲಿದೆ. ಇದು ಗಾಳಿ ಮತ್ತು ತೇವಕ್ಕೆ ಕಪ್ಪಾಗುವುದರಿಂದ ಮೇಲೊಂದು ರಕ್ಷಕ ಪದರ ಬೇಕೇ ಬೇಕು. ಹೊಳೆಯುವ ಕಣಗಳು ಕೈ ಓಡಿದ ದಿಕ್ಕಿಗೆ ಮಲಗಿ ಬೆಳಕನ್ನು ಮರಳಿಸುತ್ತವೆ. ಹೀಗಾಗಿ ಗೀರುಬಿದ್ದ ಅಂಗೈಯಗಲದ ಜಾಗವನ್ನು ತಿದ್ದಲು ಹೋದರೆ ತೇಪೆ ಸ್ಪಷ್ಟವಾಗಿ ಕಾಣುತ್ತದೆ. ಕೊನೆಗೆ ಮೂಲೆಯಿಂದ ಮೂಲೆಗೆ ಇಡೀ ಗೋಡೆಯನ್ನೇ ಮತ್ತೆ ಮಾಡಬೇಕಾಗುತ್ತದೆ.

ಚದರಡಿ ದರ ಎಲ್ಲಿ ಎಡವುತ್ತದೆ

ಒಂದು ಉದಾಹರಣೆಯಿಂದ ಇದನ್ನು ಪರಿಶೀಲಿಸಬಹುದು. ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ, ಪ್ರತಿಯೊಂದು ಘಟಕವೂ ತನ್ನ ಊರಿನ ಕೂಲಿ ಮತ್ತು ಬೆಲೆಗಳನ್ನು ಹಾಕಿಕೊಳ್ಳಬೇಕು. 600 ಚದರಡಿ ನುಣುಪು ಗಾರೆಯ ಕೆಲಸಕ್ಕೆ ಇಬ್ಬರು ಕುಶಲಕರ್ಮಿಗಳು 9 ದಿನ ದುಡಿಯುತ್ತಾರೆಂದು ಭಾವಿಸೋಣ. ದಿನಕ್ಕೆ 1,200 ರೂಪಾಯಿಯಂತೆ ಕೂಲಿ 21,600. ಚದರಡಿಗೆ 40 ರೂಪಾಯಿಯಂತೆ ಸಾಮಗ್ರಿ 24,000. ಸಾರುವೆ, ನೆಲ ಮತ್ತು ಕಿಟಕಿಗಳಿಗೆ ಮುಸುಕು, ಸಾಗಾಟ 6,000. ಮಾದರಿ ಹಲಗೆಗಳ ತಯಾರಿಕೆ 2,400. ನೇರ ವೆಚ್ಚವೇ ಒಟ್ಟು 54,000 ರೂಪಾಯಿ.

ಪೈಪೋಟಿಯಲ್ಲಿ ಕೆಲಸ ಕೈತಪ್ಪೀತೆಂಬ ಅಂಜಿಕೆಯಿಂದ ಕುಶಲಕರ್ಮಿಯು ಚದರಡಿಗೆ 90 ರೂಪಾಯಿಗೆ ಒಪ್ಪಿಕೊಂಡರೆ ಅವನ ಕೈಗೆ ಬರುವುದೂ ಸರಿಯಾಗಿ 54,000. ಕಾರ್ಯಾಗಾರದ ಬಾಡಿಗೆ, ಉಪಕರಣಗಳ ಸವಕಳಿ, ಮೇಲ್ವಿಚಾರಣೆ, ಮರುಕೆಲಸ ಯಾವುದಕ್ಕೂ ಅದರಲ್ಲಿ ಕಾಸಿಲ್ಲ. ತೇವದಿಂದ 60 ಚದರಡಿ ಕೆಟ್ಟು ಇಬ್ಬರು ಎರಡು ದಿನ ಮತ್ತೆ ದುಡಿದರೆ ಕೂಲಿ 4,800, ಸಾಮಗ್ರಿ 2,400, ಒಟ್ಟು 7,200 ರೂಪಾಯಿ ಜೇಬಿನಿಂದಲೇ ಹೋಗುತ್ತದೆ. ನೇರ ವೆಚ್ಚದ ಮೇಲೆ ಶೇ. 15ರಷ್ಟು ಇತರ ಖರ್ಚು ಮತ್ತು ಮರುಕೆಲಸದ ನಿಧಿ, ಆ ಮೊತ್ತದ ಮೇಲೆ ಶೇ. 10ರಷ್ಟು ಲಾಭ ಸೇರಿಸಿದರೆ 68,310 ರೂಪಾಯಿ, ಅಂದರೆ ಚದರಡಿಗೆ ಸುಮಾರು 114 ರೂಪಾಯಿ ಆಗುತ್ತದೆ. ಈ 90 ಮತ್ತು 114ರ ನಡುವಿನ 24 ರೂಪಾಯಿಯಲ್ಲಿಯೇ ಸಣ್ಣ ಘಟಕದ ಉಳಿವು ಅಳಿವು ಅಡಗಿದೆ.

ಚಿಕ್ಕ ಕೆಲಸಗಳಲ್ಲಿ ಈ ದರ ಇನ್ನೂ ಹೆಚ್ಚು ಎಡವುತ್ತದೆ. 60 ಚದರಡಿಯ ಕಂಬವೊಂದಕ್ಕೆ 90 ರೂಪಾಯಿ ದರದಲ್ಲಿ ಬರುವುದು 5,400. ಪದರಗಳು ಒಣಗಬೇಕಾದ್ದರಿಂದ ಇಬ್ಬರು ಮೂರು ದಿನ ಬರಲೇಬೇಕು, ಕೂಲಿಯೇ 7,200 ಆಗುತ್ತದೆ. ವಿಸ್ತೀರ್ಣ ಹತ್ತನೆಯ ಒಂದು ಭಾಗವಾದರೂ ಶ್ರಮ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆದುದರಿಂದ ಪ್ರತಿ ದರಪಟ್ಟಿಯಲ್ಲೂ ಕನಿಷ್ಠ ಶುಲ್ಕವೊಂದು ಇರಬೇಕು. ಮೂಲೆ, ಅಂಚು, ಕಮಾನುಗಳನ್ನು ಚದರಡಿಗೆ ಸೇರಿಸದೆ ಅಡಿಯ ಲೆಕ್ಕದಲ್ಲಿ ಪ್ರತ್ಯೇಕವಾಗಿ ಅಳೆಯಬೇಕು.

ಗೋಡೆ ಬೇರೆ, ಪೀಠೋಪಕರಣ ಬೇರೆ

ಮಳಿಗೆಯ ಮಾಲೀಕರು ಹೆಚ್ಚು ಗಮನಿಸಬೇಕಾದ ವಿಷಯ ತೆರಿಗೆಯದು. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ (ಜಿಎಸ್‌ಟಿ) ಕಾಯಿದೆಯ ಪ್ರಕಾರ, ಸಾಮಗ್ರಿ ಸಮೇತ ಗೋಡೆಗೆ ಮಾಡುವ ಲೇಪನವು ಸ್ಥಿರಾಸ್ತಿಗೆ ಸಂಬಂಧಿಸಿದ ಕಾಮಗಾರಿ ಗುತ್ತಿಗೆಯಾಗುತ್ತದೆ ಮತ್ತು ಅದನ್ನು ಸೇವೆ ಎಂದು ಪರಿಗಣಿಸಲಾಗುತ್ತದೆ. ಲೇಪನ ಮಾಡಿದ ಹೊಸ ಮೇಜು ಅಥವಾ ಕಪಾಟನ್ನು ಮಾರಿದರೆ ಅದು ಸರಕಿನ ಪೂರೈಕೆ. ಗಿರಾಕಿಯದೇ ಹಳೆಯ ಮೇಜಿಗೆ ಲೇಪನ ಮಾಡಿಕೊಟ್ಟರೆ ಅದು ಮತ್ತೆ ಸೇವೆ. ಈ ಕಾಮಗಾರಿಗೂ ಮರದ ಪೀಠೋಪಕರಣಕ್ಕೂ ಸಾಮಾನ್ಯವಾಗಿ ಶೇ. 18ರ ದರವೇ ಇರುವುದರಿಂದ ಈ ಭೇದವನ್ನು ಬಹಳ ಮಂದಿ ಅಲಕ್ಷಿಸುತ್ತಾರೆ. ದರ ಒಂದೇ ಆದರೂ ಪರಿಣಾಮ ಒಂದೇ ಅಲ್ಲ.

ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೆಯ ಕಲಮಿನ ಪ್ರಕಾರ, ಸ್ಥಿರಾಸ್ತಿಯ ನಿರ್ಮಾಣಕ್ಕಾಗಿ ಪಡೆದ ಕಾಮಗಾರಿ ಗುತ್ತಿಗೆಯ ಮೇಲಿನ ತೆರಿಗೆಗೆ ಜಮೆ ದೊರೆಯುವುದಿಲ್ಲ. ನವೀಕರಣ, ಮಾರ್ಪಾಡು, ದುರಸ್ತಿಗಳೂ, ಲೆಕ್ಕಪುಸ್ತಕದಲ್ಲಿ ಬಂಡವಾಳ ವೆಚ್ಚವೆಂದು ತೋರಿಸಿದ ಮಟ್ಟಿಗೆ, ಇದೇ ನಿರ್ಬಂಧಕ್ಕೆ ಒಳಪಡುತ್ತವೆ. ಮೇಲಿನ ಉದಾಹರಣೆಯಲ್ಲಿ 68,310 ರೂಪಾಯಿಯ ಮೇಲಿನ ತೆರಿಗೆ ಸುಮಾರು 12,296. ಹೊಸ ಮಳಿಗೆಯ ನಿರ್ಮಾಣದ ಭಾಗವಾಗಿ ಬಂಡವಾಳಕ್ಕೆ ಸೇರಿಸಿದರೆ ಇದು ಪೂರ್ತಿಯಾಗಿ ವೆಚ್ಚವೇ ಸರಿ. ನಡೆಯುತ್ತಿರುವ ಮಳಿಗೆಯಲ್ಲಿ ಮಾಸಿದ ಗೋಡೆಗೆ ಮಾಡಿಸಿದ ನಿಜವಾದ ದುರಸ್ತಿಯಾಗಿದ್ದು, ಚಾಲ್ತಿ ವೆಚ್ಚವಾಗಿ ಬರೆದಿದ್ದರೆ ಜಮೆಗೆ ಈ ಕಲಮು ಅಡ್ಡಿಯಾಗದು. ಜಮೆಯ ಆಸೆಗಾಗಿ ಹೊಸ ನಿರ್ಮಾಣವನ್ನು ದುರಸ್ತಿಯೆಂದು ಬರೆಯುವುದು ಮಾತ್ರ ಸರ್ವಥಾ ಸಲ್ಲದು. ಖರ್ಚಿನ ಸ್ವರೂಪವೇ ಲೆಕ್ಕವನ್ನು ನಿರ್ಧರಿಸಬೇಕು.

ಗೋಡೆಗೆ ಕಚ್ಚಿಕೊಳ್ಳದ ಮೇಜು, ಕುರ್ಚಿ, ಕೌಂಟರುಗಳು ಚರಾಸ್ತಿ. ವ್ಯಾಪಾರಕ್ಕೆ ಬಳಸುವ ಇವುಗಳ ಮೇಲಿನ ತೆರಿಗೆಗೆ ಸಾಮಾನ್ಯವಾಗಿ ಜಮೆ ಉಂಟು. ಆದರೆ ‘ಒಳಾಂಗಣ ಕೆಲಸ, ಒಟ್ಟು ಇಷ್ಟು’ ಎಂಬ ಒಂದೇ ಸಾಲಿನ ಬಿಲ್ಲು ಪಡೆದವನು ಚರಾಸ್ತಿಯ ಪಾಲು ಎಷ್ಟೆಂದು ಸಾಬೀತುಪಡಿಸಲಾರದೆ, ದೊರೆಯಬಹುದಾಗಿದ್ದ ಜಮೆಯನ್ನೂ ವಿವಾದಕ್ಕೆ ಸಿಲುಕಿಸಿಕೊಳ್ಳುತ್ತಾನೆ. ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ಪಡೆದರೆ ಆ ತೆರಿಗೆಗೆ ಜಮೆ ಇಲ್ಲವೆಂಬುದನ್ನೂ ಮರೆಯಬಾರದು.

ಲೇಪನ ಮಾಡುವವರು ನೋಂದಣಿಯ ಮಿತಿಯನ್ನು ಗಮನಿಸಬೇಕು. ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ವಿನಾಯಿತಿ ಇದೆ. ಗೋಡೆಯ ಕೆಲಸ ಸೇವೆಯಾದ್ದರಿಂದ ಅದನ್ನು ಮಾಡುವವರಿಗೆ ಮಿತಿ 20 ಲಕ್ಷ. ಪೀಠೋಪಕರಣ ಮಾರುತ್ತಿದ್ದವನು ಜೊತೆಗೆ ಗೋಡೆಯ ಕೆಲಸವನ್ನೂ ಕೈಗೊಂಡರೆ ಒಟ್ಟು ವಹಿವಾಟಿಗೆ 20 ಲಕ್ಷದ ಮಿತಿಯೇ ಅನ್ವಯವಾಗುತ್ತದೆ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳು ಬಂದುದನ್ನು ನೆನೆದರೆ, ‘ನಮ್ಮದು ಚಿಕ್ಕ ಕೆಲಸ’ ಎಂಬ ನೆಮ್ಮದಿಗೆ ಆಧಾರವಿಲ್ಲವೆಂಬುದು ಮನವರಿಕೆಯಾದೀತು.

ಮಾದರಿ ಹಲಗೆಯೇ ಸಾಕ್ಷಿ

‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಗಾದೆ. ವ್ಯಾಪಾರದಲ್ಲಿ ಬರಹ ಬಲ್ಲವನಿಗೂ ಜಗಳವಿಲ್ಲ. ಅಲಂಕಾರಿಕ ಲೇಪನದಲ್ಲಿ ‘ಚೆನ್ನಾಗಿಲ್ಲ’ ಎಂಬ ಒಂದು ಮಾತಿಗೆ ಕೊನೆಯ ಕಂತು ನಿಂತುಹೋಗುವುದುಂಟು. ಇದಕ್ಕೆ ಪರಿಹಾರ ಮಾದರಿ ಹಲಗೆ. ಅದೇ ಸಾಮಗ್ರಿ, ಅಷ್ಟೇ ಪದರಗಳಲ್ಲಿ ತಯಾರಿಸಿದ ಎರಡು ಹಲಗೆಗಳನ್ನು ಮಳಿಗೆಯ ದೀಪದ ಬೆಳಕಿನಲ್ಲಿಯೇ ತೋರಿಸಿ, ಹಿಂಬದಿಯಲ್ಲಿ ಇಬ್ಬರೂ ಸಹಿ ಮಾಡಿ, ಒಂದೊಂದನ್ನು ಇಟ್ಟುಕೊಳ್ಳಬೇಕು. ಕೈಕೆಲಸದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಸಹಜವೆಂಬುದನ್ನೂ ಒಪ್ಪಂದದಲ್ಲಿ ಬರೆಯಬೇಕು.

ಒಪ್ಪಂದದಲ್ಲಿ ಇನ್ನೂ ಕೆಲವು ಅಂಶಗಳು ಇರಲೇಬೇಕು. ಗೋಡೆಯ ತೇವದ ಹೊಣೆ ಯಾರದು, ಪದರಗಳೆಷ್ಟು, ಒಣಗಲು ಬಿಡಬೇಕಾದ ದಿನಗಳೆಷ್ಟು ಎಂಬುದು ಸ್ಪಷ್ಟವಾಗಿರಬೇಕು. ವಿದ್ಯುತ್, ಹವಾನಿಯಂತ್ರಣ, ಬಡಗಿ ಕೆಲಸಗಳೆಲ್ಲ ಮುಗಿದ ನಂತರವೇ ಲೇಪನ ಆರಂಭವಾಗಬೇಕು. ಆಮೇಲೆ ಬೇರೆ ಕೆಲಸಗಾರರಿಂದ ಗೀರುಬಿದ್ದರೆ ಇಡೀ ಗೋಡೆಯ ಮರುಲೇಪನಕ್ಕೆ ಪ್ರತ್ಯೇಕ ಶುಲ್ಕವೆಂದು ನಮೂದಿಸಬೇಕು. ಸಾಮಗ್ರಿಗೆ ಮುಂಗಡ, ತಳಪದರ ಮುಗಿದಾಗ ಒಂದು ಕಂತು, ಹಸ್ತಾಂತರಕ್ಕೆ ಉಳಿದದ್ದು ಎಂಬ ಕ್ರಮ ಇಬ್ಬರಿಗೂ ನ್ಯಾಯವಾದುದು.

ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 2006ರ ಕಾಯಿದೆಯು, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ 45 ದಿನ ಮೀರದಂತೆ ಹಣ ಪಾವತಿಯಾಗಬೇಕೆಂದು ವಿಧಿಸುತ್ತದೆ. ಆದರೆ ಕಾಮಗಾರಿ ಗುತ್ತಿಗೆಗೆ ಈ ರಕ್ಷಣೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ನ್ಯಾಯಾಲಯಗಳಲ್ಲಿ ವಿವಾದಕ್ಕೆ ಒಳಗಾಗಿದೆ. ಗೋಡೆಯ ಕೆಲಸ ಮಾಡುವವರು ಕಾಯಿದೆಯನ್ನೇ ನಂಬಿ ಕೂರದೆ, ಪಾವತಿಯ ದಿನಾಂಕ ಮತ್ತು ವಿಳಂಬಕ್ಕೆ ಬಡ್ಡಿಯನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳುವುದು ಲೇಸು.

ಇಷ್ಟೆಲ್ಲ ಬರೆಯತೊಡಗಿದರೆ ಗಿರಾಕಿ ಪಕ್ಕದವನ ಬಳಿಗೆ ಹೋಗುತ್ತಾನೆಂಬ ಆಕ್ಷೇಪ ಸಹಜ. ಕೆಲವರು ಹೋಗಲೂಬಹುದು. ಆದರೆ ವೆಚ್ಚದ ದರಕ್ಕೇ ಒಪ್ಪಿಕೊಂಡವನು ಒಂದು ಪದರ ಕಡಿಮೆ ಮಾಡಿಯೋ, ರಕ್ಷಕ ಲೇಪ ಬಿಟ್ಟೋ ನಷ್ಟ ತುಂಬಿಕೊಳ್ಳಬೇಕಾಗುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯೇ ಅದನ್ನು ಹೇಳುತ್ತದೆ. ಮತ್ತೆ ಮಾಡಿಸಲು ಮಳಿಗೆಯನ್ನು ವಾರಗಟ್ಟಲೆ ಮುಚ್ಚಬೇಕಾದ ವರ್ತಕನಿಗೆ ಚದರಡಿಗೆ ಉಳಿದ 24 ರೂಪಾಯಿ ಲಾಭವಾಗಿ ಕಾಣಲಾರದು.

ಪಾಲಿಶ್ ಕೆಲಸ, ಗಾರೆ ಕೆಲಸ ಕಲಿತ ಯುವಕನೊಬ್ಬ ನಾಲ್ಕು ವರ್ಷ ದುಡಿದು, ಕೈಯಲ್ಲಿ ಏನೂ ಉಳಿಯದೆ ಬೇರೆ ಕಸುಬಿಗೆ ಹೊರಟುಹೋದರೆ ಆ ಕೌಶಲವನ್ನು ಮರಳಿ ಬೆಳೆಸಲು ಇನ್ನೂ ನಾಲ್ಕು ವರ್ಷ ಬೇಕು. ಸಹಿ ಮಾಡಿದ ಮಾದರಿ ಹಲಗೆ, ದಿನಗಳ ಲೆಕ್ಕದಲ್ಲಿ ಕಟ್ಟಿದ ದರ, ಗೋಡೆಗೂ ಪೀಠೋಪಕರಣಕ್ಕೂ ಪ್ರತ್ಯೇಕ ಬಿಲ್ಲು ಇವು ಮೂರೂ ಹೆಚ್ಚಿನ ಬಂಡವಾಳ ಬೇಡುವ ಸುಧಾರಣೆಗಳಲ್ಲ. ಮುಂದಿನ ದರಪಟ್ಟಿಯಿಂದಲೇ ಇವುಗಳನ್ನು ಆರಂಭಿಸಬಹುದು.