ಕಾಸು ಕೊಟ್ಟವನಿಗೇ ಬೀಗ

ಬೆಂಗಳೂರಿನ ರಾಮಮೂರ್ತಿ ನಗರದಲ್ಲಿ ಇಂಟರ್ನೆಟ್ ಬರುವುದು ಆಕಾಶಮಾರ್ಗವಾಗಿ. ಕರೆಂಟ್ ಕಂಬದಿಂದ ಕಂಬಕ್ಕೆ, ಅಲ್ಲಿಂದ ಹೊಂಗೆ ಮರಕ್ಕೆ, ಮರದಿಂದ ಯಾರದೋ ಟೆರೇಸಿನ ಕಂಬಿಗೆ ಸುತ್ತಿಕೊಂಡು ಕಪ್ಪು ಕೇಬಲ್ಲುಗಳು ಜೋತಾಡುತ್ತಿರುತ್ತವೆ. ಕೊಂಬೆ ಕಡಿಯಲು ಬಂದವರ ಮಚ್ಚು ತಗುಲಿದರೆ ಒಂದು ಬೀದಿಯ ನೆಟ್ ಹೋಯಿತು, ಎತ್ತರದ ಲಾರಿ ನುಗ್ಗಿದರೆ ಇನ್ನೊಂದು ಬೀದಿಯದು. ಪಕ್ಕದ ಹೊರವರ್ತುಲ ರಸ್ತೆಯಲ್ಲಿ ವಿಮಾನ ನಿಲ್ದಾಣದ ಮೆಟ್ರೊ ಮಾರ್ಗಕ್ಕಾಗಿ ನೆಲ ಅಗೆಯುವ ಕೆಲಸ ಬೇರೆ. ಕೇಬಲ್‌ನವನಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಎಲ್ಲರಿಗೂ ಬಾಯಿಪಾಠ: ಲೈನ್ ಕಟ್ಟಾಗಿದೆ, ಸಂಜೆಯೊಳಗೆ ಸರಿಹೋಗುತ್ತೆ.

ಅಂಥ ಒಂದು ಭಾನುವಾರ ಮಧ್ಯಾಹ್ನ ಪ್ಲೇಸ್ಟೇಷನ್ ಹಚ್ಚಿದವನ ಪಾಡು ನೋಡಬೇಕು. ಆಟ ಯಂತ್ರದೊಳಗೇ ಇದೆ, ನೂರು ಜಿಬಿಗೆ ಹತ್ತಿರದ ಜಾಗ ಹಿಡಿದು ಕೂತಿದೆ. ಆಡುವವನು ಒಬ್ಬನೇ, ಎದುರಾಳಿಗಳೆಲ್ಲ ಕಂಪ್ಯೂಟರ್ ಸೃಷ್ಟಿ. ಹೊರಗಿನವರ ಹಂಗೇ ಇಲ್ಲ. ಆದರೂ ತೆರೆಯ ಮೇಲೆ ಆಟದ ಚಿತ್ರದ ಪಕ್ಕ ಪುಟ್ಟದೊಂದು ಬೀಗದ ಗುರುತು ಮೂಡಿಬಿಡುತ್ತದೆ. ಲೈಸೆನ್ಸ್ ಪರಿಶೀಲಿಸಲಾಗುತ್ತಿಲ್ಲ, ನೆಟ್‌ವರ್ಕ್‌ಗೆ ಜೋಡಿಸಿ ಎನ್ನುತ್ತದೆ ಯಂತ್ರ. ಆ ಖಾತೆಗೆ ಇದೇ ಯಂತ್ರ ಪ್ರೈಮರಿ ಎಂದು ಮೊದಲೇ ಗುರುತು ಹಾಕಿಟ್ಟಿದ್ದರೆ ಬಚಾವ್. ತಮ್ಮನ ಖಾತೆಯಲ್ಲಿ ಕೊಂಡ ಆಟವನ್ನು ಅಣ್ಣನ ಯಂತ್ರದಲ್ಲಿ ಆಡುವ ಮನೆಗಳಲ್ಲಿ ಈ ಗುರುತು ಎಲ್ಲಿದೆಯೆಂದು ಯಾರಿಗೂ ನೆನಪಿರುವುದಿಲ್ಲ.

2021ರ ಫೆಬ್ರವರಿ 2ರಂದು ಪಿಎಸ್5 ಭಾರತಕ್ಕೆ ಬಂದಾಗ ಯಂತ್ರಕ್ಕೆ 49,990 ರೂಪಾಯಿ, ಸೋನಿಯದೇ ದೊಡ್ಡ ಆಟವೊಂದಕ್ಕೆ 4,999. ಅಂಗಡಿಯ ರಸೀದಿ, ಜಿಎಸ್‌ಟಿ ಎಲ್ಲ ಸಮೇತ ಇಷ್ಟು ತೆತ್ತವನು ಬೀಗದ ಹೊರಗೆ ನಿಂತಿರುತ್ತಾನೆ. ಅದೇ ಬಡಾವಣೆಯ ಪಿಜಿಯೊಂದರಲ್ಲಿ ಬೀಗ ಒಡೆದು ಕ್ರ್ಯಾಕ್ ಮಾಡಿದ ಆಟವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡ ಹುಡುಗನಿಗೆ ನೆಟ್ ಇದ್ದರೇನು, ಬಿಟ್ಟರೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಈ ಜಗಳ ಹೊಸದಲ್ಲ. 2010ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ಕಂಪನಿ 'ಅಸಾಸಿನ್ಸ್ ಕ್ರೀಡ್ 2' ಆಟವನ್ನು ಪಿಸಿಗೆ ತಂದಿತು. ಹಿಂದಿನ ನವೆಂಬರಿನಲ್ಲಿ ಪಿಎಸ್3 ಮತ್ತು ಎಕ್ಸ್‌ಬಾಕ್ಸ್‌ಗೆ ಬಂದಾಗ ಡಿಸ್ಕ್ ಹಾಕಿದರೆ ಸಾಕಿತ್ತು. ಪಿಸಿಯಲ್ಲಿ ಮಾತ್ರ ಆಡುವಷ್ಟು ಹೊತ್ತೂ ಕಂಪನಿಯ ಸರ್ವರಿಗೆ ಜೋಡಿಕೊಂಡಿರಬೇಕೆಂಬ ಷರತ್ತು. ನೆಟ್ ತಪ್ಪಿತೋ, ಆಟ ಅಲ್ಲೇ ಸ್ತಬ್ಧ. ಬಿಡುಗಡೆಯಾದ ವಾರದಲ್ಲೇ, ಮಾರ್ಚ್ 7ರ ಭಾನುವಾರ, ಸರ್ವರ್‌ಗಳ ಮೇಲೆ ದಾಳಿಯಾಗಿ ಹಣ ಕೊಟ್ಟ ಸಾವಿರಾರು ಮಂದಿ ಕೈಕಟ್ಟಿ ಕೂತರು. ಕೆಲವೇ ವಾರಗಳಲ್ಲಿ ಬೀಗ ಒಡೆದ ಪ್ರತಿ ಲೋಕಕ್ಕೆಲ್ಲ ಹಂಚಿಕೆಯಾಯಿತು.

ಆಗ ಬೆಂಗಳೂರಿನಲ್ಲಿ ಇಂಟರ್ನೆಟ್ ಎಂದರೇನಿತ್ತು? ಸರ್ಕಾರದ ಲೆಕ್ಕದಲ್ಲಿ 256 ಕೆಬಿಪಿಎಸ್ ಬಂದರೆ ಅದೇ ಬ್ರಾಡ್‌ಬ್ಯಾಂಡ್. ಬಿಎಸ್‌ಎನ್‌ಎಲ್‌ನ ಅಗ್ಗದ ಪ್ಲಾನಿನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಮಾತ್ರ ಅನ್‌ಲಿಮಿಟೆಡ್. ಡೌನ್‌ಲೋಡ್ ಹಚ್ಚಲು ಅಲಾರಂ ಇಟ್ಟು ಏಳುತ್ತಿದ್ದ ಒಂದು ತಲೆಮಾರೇ ಇದೆ. ಇಂಥ ಊರಿನವರಿಗೆ ಮಾಂಟ್ರಿಯಲ್‌ನಲ್ಲೋ ಪ್ಯಾರಿಸ್‌ನಲ್ಲೋ ಕೂತವರು ಸದಾ ಆನ್‌ಲೈನ್ ಇರಿ ಎಂದು ಹೇಳಿದ್ದರು. 2012ರ ಸೆಪ್ಟೆಂಬರ್ ಹೊತ್ತಿಗೆ ಯೂಬಿಸಾಫ್ಟ್ ತಾನೇ ಆ ಪದ್ಧತಿ ಕೈಬಿಟ್ಟಿದ್ದಾಗಿ ಒಪ್ಪಿಕೊಂಡಿತು.

ಬೀಗ ಹಾಕುವವರ ಮನೆಯ ಕಥೆ ಇನ್ನೂ ರಂಜಕವಾಗಿದೆ. 2008ರಲ್ಲಿ ಇದೇ ಯೂಬಿಸಾಫ್ಟಿನ 'ರೇನ್‌ಬೋ ಸಿಕ್ಸ್ ವೇಗಾಸ್ 2' ಆಟವನ್ನು ಆನ್‌ಲೈನಿನಲ್ಲಿ ಕೊಂಡವರು ಒಂದು ಪ್ಯಾಚ್ ಹಾಕಿದ ಮೇಲೆ ಅದು ಇಲ್ಲದ ಡಿಸ್ಕನ್ನು ಕೇಳತೊಡಗಿತು. ಪರಿಹಾರವೆಂದು ಕಂಪನಿ ಕೊಟ್ಟ ಕಡತವನ್ನು ಬಿಚ್ಚಿ ನೋಡಿದರೆ ಅದು ರೀಲೋಡೆಡ್ ಎಂಬ ಕಳ್ಳ ತಂಡ ತಯಾರಿಸಿದ ಕ್ರ್ಯಾಕ್! 2010ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ರಾಕ್‌ಸ್ಟಾರ್ ಕಂಪನಿ ಮಾರುತ್ತಿದ್ದ 'ಮ್ಯಾಕ್ಸ್ ಪೇನ್ 2' ಆಟದೊಳಗೂ ಮಿಥ್ ಎಂಬ ಇನ್ನೊಂದು ತಂಡದ ಗುರುತು ಸಿಕ್ಕಿತು. ತಮ್ಮ ಬೀಗದ ಕೀ ತಮ್ಮಲ್ಲೇ ಇಲ್ಲದೆ, ಕಳ್ಳ ಮಾಡಿಸಿದ ನಕಲಿ ಕೀ ತಂದು ಗಿರಾಕಿಗೆ ಕೊಟ್ಟಂತಾಯಿತು. 2021ರಲ್ಲಿ 'ರೆಸಿಡೆಂಟ್ ಈವಿಲ್ ವಿಲೇಜ್' ಪಿಸಿಯಲ್ಲಿ ಎಡವುತ್ತ ಓಡುತ್ತಿದ್ದಾಗ, ಬೀಗ ಕಿತ್ತ ಪ್ರತಿ ನಯವಾಗಿ ಓಡುತ್ತದೆಂದು ಡಿಜಿಟಲ್ ಫೌಂಡ್ರಿಯ ತಂತ್ರಜ್ಞರು ಅಳೆದು ತೋರಿಸಿದರು. ಜುಲೈನಲ್ಲಿ ಆಟದ ಕಂಪನಿ ಕ್ಯಾಪ್‌ಕಾಮ್ ತೆಪ್ಪಗೆ ಪ್ಯಾಚ್ ಕೊಟ್ಟಿತು.

ಹಾಗೆಂದು ನಮ್ಮ ಊರಿನ ಆಟಗಾರರೇನೂ ಹಾಲಲ್ಲಿ ತೊಳೆದವರಲ್ಲ. ಪಿಎಸ್2 ಕಾಲದಲ್ಲಿ ಬೆಂಗಳೂರಿನಲ್ಲಿ ಯಂತ್ರ ಕೊಂಡವನು ಮೊದಲು ಮಾಡುತ್ತಿದ್ದ ಕೆಲಸ ನಕಲಿ ಡಿಸ್ಕ್ ಓಡಿಸುವ ಚಿಪ್ ಹಾಕಿಸುವುದು. ಅಂಗಡಿಯವನೇ ಕೇಳುತ್ತಿದ್ದ, ಹಾಕಿಕೊಡಲಾ ಎಂದು. ಆಮೇಲೆ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿಗೆ ಬಸ್ಸು. ಪ್ಲಾಸ್ಟಿಕ್ ಕವರಿನಲ್ಲಿ, ಮಸುಕಾದ ಕಲರ್ ಪ್ರಿಂಟಿನ ಹೊದಿಕೆಯಲ್ಲಿ 'ಗಾಡ್ ಆಫ್ ವಾರ್', 'ಸ್ಯಾನ್ ಆಂಡ್ರಿಯಾಸ್', 'ಟೆಕ್ಕನ್ 5' ಸಾಲಾಗಿ ನಿಂತಿರುತ್ತಿದ್ದವು. ಪೊಲೀಸ್ ರೇಡ್ ಆದ ದಿನ ಖಾಲಿ, ಮರುದಿನ ಮತ್ತೆ ಭರ್ತಿ. ಅಸಲಿ ಆಟ ಇಡುವ ಅಂಗಡಿ ಬೆರಳೆಣಿಕೆಯಷ್ಟು, ಬೆಲೆ ಅಪ್ಪನ ಸಂಬಳದ ಎದುರು ಹೇಳಿಕೊಳ್ಳಲಾಗದ್ದು. ಇದು ಸಮರ್ಥನೆಯಲ್ಲ, ನಡೆದದ್ದು.

ಕುತೂಹಲದ ಸಂಗತಿಯೆಂದರೆ ಆ ಹುಡುಗರೇ ಇಂದು ಕಾಸು ಕೊಟ್ಟು ಕೊಳ್ಳುವವರು. ಹೊರಮಾವು, ಕಲ್ಕೆರೆ, ಟಿ.ಸಿ. ಪಾಳ್ಯದ ಫ್ಲ್ಯಾಟುಗಳಲ್ಲಿ ಇಎಂಐ ಕಟ್ಟುತ್ತ, ಮಗು ಮಲಗಿದ ಮೇಲೆ ಒಂದು ಗಂಟೆ ಆಡುವ ವಯಸ್ಸು ಅವರದು. ಅವರನ್ನು ದಾರಿಗೆ ತಂದದ್ದು ಬೀಗವೋ, ಪೊಲೀಸ್ ಲಾಠಿಯೋ? ಎರಡೂ ಅಲ್ಲ. 2015ರ ನವೆಂಬರಿನಲ್ಲಿ ಸ್ಟೀಮ್ ರೂಪಾಯಿಯಲ್ಲಿ ಬೆಲೆ ತೋರಿಸಿತು, ಆಮೇಲೆ ಯುಪಿಐ ಬಂತು, ಜೊತೆಗೆ ದೊಡ್ಡ ದೊಡ್ಡ ಸೇಲ್‌ಗಳೂ ಇದ್ದವು. ಕೊಳ್ಳುವುದು ಕದಿಯುವುದಕ್ಕಿಂತ ಸಲೀಸಾಯಿತು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ 2015ರಲ್ಲಿ 'ವಿಚರ್ 3' ಆಟವನ್ನು ತನ್ನ ಗಾಗ್ ಅಂಗಡಿಯಲ್ಲಿ ಯಾವ ಬೀಗವೂ ಇಲ್ಲದೆ ಮಾರಿತು. ಯಾರು ಬೇಕಾದರೂ ಪ್ರತಿ ಮಾಡಿಕೊಳ್ಳಬಹುದಿತ್ತು. 2023ರ ಹೊತ್ತಿಗೆ ಎಲ್ಲ ಯಂತ್ರಗಳೂ ಸೇರಿ 5 ಕೋಟಿ ಪ್ರತಿ ಖರ್ಚಾದವು.

ಬೀಗದ ಪರವಾದ ವಾದಕ್ಕೂ ಕಿವಿಗೊಡಬೇಕು, ಏಕೆಂದರೆ ಆ ವಾದ ಮಾಡುವವರು ಪಕ್ಕದ ಬೀದಿಯಲ್ಲೇ ಇರಬಹುದು. ದೇಶದ ಮೊದಲ ಗೇಮ್ ಕಂಪನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ ಶುರುವಾದದ್ದು ಬೆಂಗಳೂರಿನಲ್ಲಿ, 1997ರಲ್ಲಿ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡು ಇಲ್ಲಿನ ತನ್ನ ಸ್ಟುಡಿಯೊಗೆ ಸೇರಿಸಿಕೊಂಡಿತು. ಆಟಕ್ಕಾಗಿ ಕಾರು, ಕಟ್ಟಡ, ಗಿಡಮರ ರೂಪಿಸುವ ಸಾವಿರಾರು ಕಲಾವಿದರ ಅನ್ನ ಈ ಉದ್ಯಮದಲ್ಲಿದೆ. ಬಿಡುಗಡೆಯ ಮೊದಲ ಕೆಲವು ವಾರಗಳಲ್ಲೇ ಹೆಚ್ಚಿನ ಮಾರಾಟ, ಅಷ್ಟು ದಿನ ಬೀಗ ತಡೆದರೆ ಸಾಕೆನ್ನುವುದು ಅವರ ಲೆಕ್ಕ. ಒಪ್ಪೋಣ. ಹಾಗಿದ್ದರೆ ಆ ವಾರಗಳು ಮುಗಿದ ಮೇಲೂ ಬೀಗ ಯಾಕೆ ಉಳಿಯಬೇಕು? ಅದಕ್ಕೆ ಉತ್ತರ ಬಂದಿಲ್ಲ. ಅದೇ ರಾಕ್‌ಸ್ಟಾರ್ 2021ರ ನವೆಂಬರಿನಲ್ಲಿ ಜಿಟಿಎಯ ಮೂರು ಹಳೆಯ ಆಟಗಳನ್ನು ಹೊಸ ಬಣ್ಣ ಬಳಿದು ಮಾರಿದಾಗ, ಲಾಂಚರ್ ಕೈಕೊಟ್ಟು ಪಿಸಿಯಲ್ಲಿ ಕೊಂಡವರು ಹಲವು ದಿನ ಆಡಲಾಗದೆ ಕಾದರು. ನ್ಯಾಷನಲ್ ಮಾರ್ಕೆಟ್ಟಿನ ಹಳೆಯ 'ವೈಸ್ ಸಿಟಿ' ಸಿಡಿ ಇಟ್ಟುಕೊಂಡಿದ್ದವರಿಗೆ ಈ ಸಂಕಟ ಇರಲಿಲ್ಲ.

ಕನ್ಸೋಲ್‌ನವರು ಮಾತ್ರ ಡಿಸ್ಕ್ ಇರುವವರೆಗೆ ನಮಗೇನು ಎಂದು ನಿಶ್ಚಿಂತೆಯಿಂದಿದ್ದರು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಘೋಷಿಸಿದ ಮೈಕ್ರೊಸಾಫ್ಟ್, ಯಂತ್ರ 24 ಗಂಟೆಗೊಮ್ಮೆ ಸರ್ವರಿಗೆ ವರದಿ ಮಾಡಿಕೊಳ್ಳಬೇಕು, ಹಳೆಯ ಡಿಸ್ಕ್ ಕೈಬದಲಿಸಲು ನಿಬಂಧನೆಯಿದೆ ಎಂದಿತು. ಮೊದಲ ಪಟ್ಟಿಯ 21 ದೇಶಗಳಲ್ಲಿ ಭಾರತ ಇರಲಿಲ್ಲ. ಅಂದರೆ ಅಮೆರಿಕದಿಂದ ಚಿಕ್ಕಪ್ಪ ತಂದುಕೊಟ್ಟ ಯಂತ್ರ ಇಲ್ಲಿ ಶೋಕೇಸಿಗೆ ಮಾತ್ರ. ಲೋಕದ ಆಟಗಾರರೆಲ್ಲ ಉಗಿದ ಮೇಲೆ ಜೂನ್ 19ರಂದು ಕಂಪನಿ ಎರಡನ್ನೂ ಹಿಂತೆಗೆದುಕೊಂಡಿತು. ಗೆದ್ದೆವೆಂದು ಎಲ್ಲರೂ ಹಿಗ್ಗಿದರು. ಆದರೆ ಮುಂಬಾಗಿಲಿನಿಂದ ಓಡಿಸಿದ್ದು ಹಿತ್ತಿಲಿನಿಂದ ಬಂತು. ಪಿಎಸ್4ರೊಳಗಿನ ಪುಟ್ಟ ಬ್ಯಾಟರಿ ಸತ್ತು, ಸೋನಿಯ ಸರ್ವರೂ ಸಿಗದಿದ್ದರೆ ಡಿಸ್ಕಿನ ಆಟ ಕೂಡ ಓಡದೆಂದು ಪತ್ತೆಯಾಯಿತು. 2021ರ ಸೆಪ್ಟೆಂಬರಿನಲ್ಲಿ ಸದ್ದಿಲ್ಲದೆ ಸರಿಪಡಿಸಿದರು. 2023ರ ಕೊನೆಯಲ್ಲಿ ಬಂದ ಸಪೂರ ಪಿಎಸ್5ರ ಡಿಸ್ಕ್ ಡ್ರೈವ್ ಬಿಚ್ಚಿ ಜೋಡಿಸುವಂಥದ್ದು. ಜೋಡಿಸಿದಾಗ ಒಮ್ಮೆ ಇಂಟರ್ನೆಟ್ಟಿನಲ್ಲಿ ಕಂಪನಿಯ ಒಪ್ಪಿಗೆ ಪಡೆಯದೆ ಡಿಸ್ಕ್ ಓದಿಸುವಂತಿಲ್ಲ. 2025ರ ಫೆಬ್ರವರಿ 8, ಶನಿವಾರ, ಪ್ಲೇಸ್ಟೇಷನ್ ನೆಟ್‌ವರ್ಕ್ ಹೆಚ್ಚುಕಡಿಮೆ ಇಡೀ ದಿನ ಮಲಗಿತ್ತು. ಪ್ಲೇಸ್ಟೇಷನ್ ಪ್ಲಸ್ ಚಂದಾದಾರರಿಗೆ ಐದು ದಿನ ಹೆಚ್ಚುವರಿ ಕೊಟ್ಟು ಕೈತೊಳೆದುಕೊಂಡರು.

ಗಂಟೆಗಿಷ್ಟು ಎಂದು ಆಡಿಸುವ ಸಣ್ಣ ಪಾರ್ಲರಿನವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಶನಿವಾರದ ಗಿರಾಕಿ ಸೋಮವಾರ ಬರುವುದಿಲ್ಲ. ಅವರಲ್ಲಿ ಅನೇಕರು ಇವತ್ತಿಗೂ ಡಿಸ್ಕನ್ನೇ ನಂಬುವುದು ಸುಮ್ಮನಲ್ಲ: ಆಡಿ ಮುಗಿದದ್ದನ್ನು ಸೆಕೆಂಡ್ಸ್‌ನಲ್ಲಿ ಮಾರಿ ಅರ್ಧ ದುಡ್ಡು ಎತ್ತಬಹುದು. ಡೌನ್‌ಲೋಡ್ ಮಾಡಿದ್ದನ್ನು ಯಾರಿಗೆ ಮಾರುತ್ತೀರಿ?

ಕಾನೂನು ಏನೆನ್ನುತ್ತದೆ? ನಮ್ಮ ಕೃತಿಸ್ವಾಮ್ಯ ಕಾಯ್ದೆ ಅಂದುಕೊಂಡದ್ದಕ್ಕಿಂತ ವಿವೇಕದ್ದು. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನ ಪ್ರಕಾರ ಡಿಜಿಟಲ್ ಬೀಗ ಒಡೆಯುವುದು ಅಪರಾಧ, ಎರಡು ವರ್ಷದವರೆಗೆ ಜೈಲು. ಆದರೆ ಹಕ್ಕುಚ್ಯುತಿಯ ಉದ್ದೇಶ ಇದ್ದರೆ ಮಾತ್ರ. 52ನೇ ಕಲಮು, ನ್ಯಾಯವಾಗಿ ಕೊಂಡವನು ಹಾಳಾಗುವ ಭಯಕ್ಕೆ ಪ್ರೋಗ್ರಾಮಿನ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಬಹುದು ಎನ್ನುತ್ತದೆ. ಇತ್ತ ಕರ್ನಾಟಕ 2014ರಲ್ಲಿ ಗೂಂಡಾ ಕಾಯ್ದೆಗೆ 'ಡಿಜಿಟಲ್ ಅಪರಾಧಿ'ಗಳನ್ನೂ ಸೇರಿಸಿತು. ನಕಲಿ ಸಿಡಿ ಮಾರುವವನನ್ನೂ ರೌಡಿಯನ್ನೂ ಒಂದೇ ಕಾಯ್ದೆಯಡಿ ಮುಂಜಾಗ್ರತೆಯಾಗಿ ಬಂಧಿಸಿಡಬಹುದು. ಕಂಪನಿಯ ಹಕ್ಕು ಕಾಯಲು ಇಷ್ಟು ಬಂದೋಬಸ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನೇ ತಂದು ಹಣ ಕಟ್ಟುವ ಆಟಗಳನ್ನು ನಿಷೇಧಿಸಿತು. ಕೊಂಡ ಆಟ ಕೊಂಡವನ ಬಳಿ ಉಳಿಯಬೇಕೆಂಬ ವಿಷಯ ಅಲ್ಲಿ ಯಾರಿಗೂ ಹೊಳೆದಂತಿಲ್ಲ.

ಬೇರೆಡೆ ಹೊಳೆದಿದೆ. 2014ರಲ್ಲಿ ಮಾರಿದ 'ದ ಕ್ರೂ' ಎಂಬ ಕಾರು ಓಟದ ಆಟದ ಸರ್ವರನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ಮುಚ್ಚಿತು. ಒಬ್ಬರೇ ಆಡಲೂ ಬಾರದ ಹಾಗೆ ಡಿಸ್ಕ್ ನಿರುಪಯುಕ್ತವಾಯಿತು. ಆ ಸಿಟ್ಟಿನಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ 2025ರ ಜುಲೈನಲ್ಲಿ ಯುರೋಪಿನಲ್ಲಿ 10 ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಕೊಡುತ್ತಿರುವುದು ಬರೀ ಲೈಸೆನ್ಸ್ ಎಂದು ಸ್ಪಷ್ಟವಾಗಿ ತಿಳಿಸದೆ ಅಂಗಡಿಗಳು 'ಕೊಳ್ಳಿ' ಎಂಬ ಗುಂಡಿ ಇಡುವಂತಿಲ್ಲ.

ಕರ್ನಾಟಕಕ್ಕೆ ಇಲ್ಲಿ ಮಾತಾಡುವ ಅಧಿಕಾರವಿದೆ. ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ 2012ರಲ್ಲಿ ನೀತಿ ತಂದ ಮೊದಲ ರಾಜ್ಯ ಇದು. 2024ರಿಂದ 29ರವರೆಗಿನ ಹೊಸ ನೀತಿಯಲ್ಲಿ ಸ್ಟುಡಿಯೊಗಳಿಗೆ ರಿಯಾಯಿತಿ, ಪ್ರೋತ್ಸಾಹಧನ ಎಲ್ಲವೂ ಇದೆ. ಜನರ ದುಡ್ಡಿನ ನೆರವು ಪಡೆದ ಆಟ, ಒಬ್ಬರೇ ಆಡುವಂಥದ್ದಾದರೆ ನೆಟ್ ಇಲ್ಲದೆಯೂ ಓಡಬೇಕು, ಸರ್ವರ್ ಮುಚ್ಚುವ ಮುನ್ನ ಬೀಗ ತೆಗೆದ ಪ್ರತಿ ಕೊಡಬೇಕು ಎಂಬ ಎರಡು ಸಾಲು ಸೇರಿಸಿದರೆ ಖಜಾನೆಗೆ ಚಿಕ್ಕಾಸೂ ಖರ್ಚಿಲ್ಲ. ಹತ್ತಾರು ಮಂದಿ ಒಟ್ಟಿಗೆ ಆಡುವ ಆಟಕ್ಕೆ ಸರ್ವರ್ ಬೇಕೇಬೇಕು, ಅದರ ತಕರಾರಿಲ್ಲ.

ಅಲ್ಲಿಯವರೆಗೆ ಕಾಯಲು ತಾಳ್ಮೆಯಿಲ್ಲದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. ಗ್ರಾಹಕನಿಗೆ ಅನ್ಯಾಯವಾಗುವ ಏಕಪಕ್ಷೀಯ ಕರಾರನ್ನು ಅದು 'ಅನುಚಿತ ಒಪ್ಪಂದ'ವೆಂದು ಕರೆದು, ಅಂಥ ದೂರನ್ನು ನೇರವಾಗಿ ರಾಜ್ಯ ಆಯೋಗಕ್ಕೆ ಒಯ್ಯಲು ದಾರಿ ಕೊಟ್ಟಿದೆ. ಆಯೋಗದ ಕಚೇರಿ ಬಸವೇಶ್ವರ ವೃತ್ತದ ಬಸವ ಭವನದಲ್ಲಿದೆ. ಆಟ ಕೊಂಡಾಗ ಬಂದ ಇಮೇಲ್ ರಸೀದಿಯ ಪ್ರಿಂಟ್, ಬೀಗದ ಗುರುತು ಕಾಣುವ ತೆರೆಯ ಫೋಟೊ, ನೆಟ್ ಹೋಗಿದ್ದ ದಿನಾಂಕಗಳು, ಇಷ್ಟನ್ನು ಒಂದು ಫೈಲಿನಲ್ಲಿ ಜೋಡಿಸಿಟ್ಟುಕೊಂಡರೆ ವಕೀಲರಿಗೂ ಕೆಲಸ ಸುಲಭ.