ನಾಜಲ್ ನಮ್ಮೂರಲ್ಲೇ ರಿಪೇರಿಯಾಗಲಿ

ನಮ್ಮದು ಮಳೆಯನ್ನೇ ನಂಬಿದ ಬೆಟ್ಟು ಗದ್ದೆ. ಏಣೆಲಿಗೆ ಗದ್ದೆಯಲ್ಲಿ ನೀರು ನಿಲ್ಲುವುದೇ ನಾಲ್ಕೈದು ದಿನ. ಆಗ ಟಿಲ್ಲರ್ ಮಲಗಿತೆಂದರೆ ನೇಜಿ ಮುದಿಯಾಗುತ್ತದೆ. ಕೆಲವು ವರ್ಷದ ಹಿಂದೆ ನನಗೆ ಹಾಗೇ ಆಯಿತು. ಬಂದ ಮೆಕ್ಯಾನಿಕ್ "ಪಂಪು ಹೋಗಿದೆ, ಹೊಸತೇ ಆಗಬೇಕು" ಅಂದ. ಹೊಸತು ಹಾಕಿದರೂ ಅದೇ ಹೊಗೆ. ಕೊನೆಗೆ ನೋಡಿದರೆ ತಪ್ಪು ನಾಜಲಿನದ್ದು. ಡೀಸೆಲನ್ನು ಮಂಜಿನ ಹಾಗೆ ಸಿಂಪಡಿಸಬೇಕಾದದ್ದು ತೊಟ್ಟಿಕ್ಕುತ್ತಿತ್ತು. ದುಡ್ಡೂ ಹೋಯಿತು, ನೀರೂ ಇಳಿಯಿತು. ಆಮೇಲೆ ಈ ವಿದ್ಯೆಯನ್ನು ಕೇಳಿ, ಬಿಚ್ಚಿ ನೋಡಿ ಸ್ವಲ್ಪ ಕಲಿತೆ.

ಡೀಸೆಲ್ ಇಂಜಿನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರು, ಹದಿನೆಂಟು ಪಾಲಿಗೆ ಒಂದು ಪಾಲಾಗುವಷ್ಟು ಒತ್ತಿದಾಗ ಅದು ಕಾದು ಕೆಂಡದಂತಾಗುತ್ತದೆ. ಆ ಗಳಿಗೆಗೆ ಸರಿಯಾಗಿ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಕ್ಯಾಮ್ ಒತ್ತಿದಾಗ ಪಂಪಿನೊಳಗಿನ ಪ್ಲಂಜರ್ ಮೇಲೇಳುತ್ತದೆ, ಸುಮಾರು 200 ಕಿಲೋ ಒತ್ತಡ ಬಂದಾಗ ನಾಜಲಿನ ಸ್ಪ್ರಿಂಗ್ ಬಿಡುತ್ತದೆ. ಪ್ಲಂಜರಿನ ಮೈಯಲ್ಲಿ ಓರೆಯಾಗಿ ಕೊರೆದ ಗೀರು ಇದೆ. ಲೋಡ್ ಬಿದ್ದಾಗ ಗವರ್ನರ್ ಪ್ಲಂಜರನ್ನು ತುಸು ತಿರುಗಿಸುತ್ತದೆ, ಡೀಸೆಲ್ ಹೆಚ್ಚು ಹೋಗುತ್ತದೆ. ಪ್ಲಂಜರಿಗೂ ಬ್ಯಾರೆಲಿಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ! ಅಲ್ಲಿಗೆ ನಾವು ತುಕ್ಕು ಹಿಡಿದ ಡಬ್ಬಿಯಿಂದ ಸೋಸದೆ ಡೀಸೆಲ್ ಸುರಿಯುತ್ತೇವೆ. ಆಟಿಯಲ್ಲಿ ಅರ್ಧ ಟ್ಯಾಂಕು ಖಾಲಿ ಬಿಟ್ಟರೆ ಗಾಳಿಯ ಪಸೆ ನೀರಾಗಿ ತಳಕ್ಕಿಳಿಯುತ್ತದೆ. ಇದರಲ್ಲಿ ಕಂಪೆನಿಯದ್ದೇನೂ ತಪ್ಪಿಲ್ಲ.

ಡೀಸೆಲ್ ಮುಗಿದು ಇಂಜಿನ್ ನಿಂತರೆ ಪೈಪಿನೊಳಗೆ ಗಾಳಿ ಸೇರಿರುತ್ತದೆ. ಡೀಸೆಲ್ ಹಾಕಿ, ಮೊದಲು ಫಿಲ್ಟರಿನ, ಬಳಿಕ ಪಂಪಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವ ತನಕ ಬಿಡಿ. ಒಂದು ಸ್ಪಾನರ್ ಸಾಕು, ಮೆಕ್ಯಾನಿಕ್ ಬೇಡ. ಆದರೆ ಸಿಂಪಡಿಸುವ ನಾಜಲಿನ ಎದುರು ಕೈ ಹಿಡಿಯಬೇಡಿ, ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

1897ರಲ್ಲಿ ಜರ್ಮನಿಯಲ್ಲಿ ರುಡಾಲ್ಫ್ ಡೀಸೆಲ್ ಇಂಜಿನ್ ನಡೆಸಿ ತೋರಿಸಿದಾಗ ಎಣ್ಣೆಯನ್ನು ಒಳಗೆ ಊದಲು ಬೇರೆಯೇ ಕಂಪ್ರೆಸರ್ ಬೇಕಿತ್ತು. ಅಂಥದ್ದು ಗದ್ದೆಗೆಲ್ಲಿ ಇಳಿದೀತು? 1927ರಲ್ಲಿ ಬಾಷ್ ಕಂಪೆನಿ ಪಂಪುಗಳನ್ನು ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ ಇಂಜಿನ್ ಸಣ್ಣದಾಯಿತು. ನಮ್ಮ ದೇಶದಲ್ಲಿ 1951ರಲ್ಲಿ ಶುರುವಾದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಇದನ್ನೇ ಮಾಡಿತು. 2008ರಿಂದ ಅದರ ಹೆಸರೂ ಬಾಷ್ ಆಗಿದೆ, ನಮ್ಮ ಬಾಯಲ್ಲಿ ಮಾತ್ರ ಮೈಕೋ ಪಂಪೇ.

ಕಾರುಗಳಿಗೆ 1997ರಲ್ಲಿ ಕಾಮನ್ ರೈಲ್ ಬಂತು. ಅದರಲ್ಲಿ ಪಂಪು ಡೀಸೆಲನ್ನು ಸಾವಿರ ಕಿಲೋ ಮೀರಿದ ಒತ್ತಡದಲ್ಲಿ ಒಂದು ಕೊಳವೆಯಲ್ಲಿ ತುಂಬಿಡುತ್ತದೆ, ಯಾವಾಗ ಎಷ್ಟು ಬಿಡಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಹೊಗೆ ಕಡಿಮೆ, ಸದ್ದೂ ಕಡಿಮೆ. 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದ ಮೇಲೆ ಅವುಗಳಲ್ಲಿ ಹಲವಕ್ಕೆ ಇದೇ ವ್ಯವಸ್ಥೆ ಬಂದಿದೆ.

ಹೊಗೆ ಕಡಿಮೆಯಾಗುವುದು ಬೇಡ ಅನ್ನುವವ ನಾನಲ್ಲ, ಟಿಲ್ಲರಿನ ಹಿಂದೆ ನಡೆದು ಅದನ್ನು ಕುಡಿಯುವವ ನಾನೇ. ಆದರೆ ಆ ಕಂಪ್ಯೂಟರ್ ಏನು ಹೇಳುತ್ತದೆಂದು ಓದುವ ಉಪಕರಣ ಮಾರಿದವನ ಕೈಯಲ್ಲಿ ಮಾತ್ರ ಇದ್ದರೆ ನಮ್ಮ ನಾಲ್ಕು ದಿನದ ನೀರು ಅವನ ಬಾಗಿಲಲ್ಲೇ ಕಾಯಬೇಕು. ಸಣ್ಣ ಯಂತ್ರಗಳಿಗೂ ಇದು ಬರುವ ಮೊದಲು ಆ ಉಪಕರಣವೂ ಅದರ ತರಬೇತಿಯೂ ಕಾಪು, ಪಡುಬಿದ್ರಿಯ ಸಣ್ಣ ಗ್ಯಾರೇಜಿಗೂ ಸಿಗಬೇಕು. ಸಬ್ಸಿಡಿ ಕೊಡುವ ಇಲಾಖೆ ಈ ಷರತ್ತು ಹಾಕಲಿ. ನಾವೂ ಕೊಳ್ಳುವಾಗ ಬಣ್ಣ ನೋಡುವ ಮೊದಲು, ನಾಜಲ್ ಟೆಸ್ಟ್ ಮಾಡುವವರು ಹತ್ತಿರ ಎಲ್ಲಿದ್ದಾರೆಂದು ಕೇಳೋಣ.